ಮರವಿಲ್ಲದ ಬಯಲಿನ ಬಿಲ್ಲು

ಭೀಮೆಯ ದಕ್ಷಿಣ ತಡಿಯಿಂದ ಕೃಷ್ಣೆಯ ಉತ್ತರ ತಡಿಯವರೆಗೆ, ಇಂಡಿ ಸಿಂದಗಿಗಳಿಂದ ಮೊದಲ್ಗೊಂಡು ಬಸವನ ಬಾಗೇವಾಡಿಯನ್ನು ಹಾಯ್ದು ಮುದ್ದೇಬಿಹಾಳದ ತನಕ ಹಬ್ಬಿರುವ ಎರೆಯ ಬಯಲನ್ನು ಚೈತ್ರದ ಬಿಸಿಲಿನಲ್ಲಿ ಕಂಡವನಿಗೆ, ಈ ನೆಲದಲ್ಲಿ ಬಿಲ್ಲೆಂಬ ಆಯುಧಕ್ಕೆ ಎಂದಾದರೂ ಎಡೆಯಿದ್ದೀತೆಂದು ತೋರುವುದು ಕಷ್ಟ. ಜೋಳವನ್ನು ಕಿತ್ತು ಕಣಕ್ಕೆ ಸಾಗಿಸಿದ ಮೇಲೆ ಹೊಲದಲ್ಲಿ ಉಳಿಯುವುದು ಬಿರಿದ ಕರಿಮಣ್ಣು. ಊರ ಸಮೀಪದಲ್ಲಿ ಕೆಲವು ಬೇವು, ಬದುವಿನ ಮೇಲೊಂದು ಬನ್ನಿ, ಹಳ್ಳದ ದಂಡೆಗುಂಟ ಜಾಲಿ, ಇಷ್ಟನ್ನು ಬಿಟ್ಟರೆ ಕಣ್ಣಿಗೆ ತಡೆಯೊಡ್ಡುವ ಮರವೇ ಇಲ್ಲ. ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟು ಮಳೆ ಬಿದ್ದರೆ ಪುಣ್ಯವೆಂದುಕೊಳ್ಳುವ ಸೀಮೆ ಇದು. ಡೋಣಿ ಹೊಳೆಯನ್ನು ಕುರಿತ, ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂಬ ಗಾದೆಮಾತು ಇಲ್ಲಿಯ ನೆಲದ ಸತ್ತ್ವವನ್ನು ಹೊಗಳುವುದೇನೋ ಸರಿ. ಆದರೆ ಕಾಳಿನ ಸಮೃದ್ಧಿಯನ್ನು ಕೊಟ್ಟ ಆ ಕರಿನೆಲವೇ ಕಟ್ಟಿಗೆಯ ವಿಷಯದಲ್ಲಿ ಜಿಪುಣತನವನ್ನು ತೋರಿದೆ. ಸಾಗವಾನಿ, ಬಿದಿರು, ಹೊನ್ನೆ, ಮತ್ತಿ ಇವೆಲ್ಲ ಪಡುವಣದ ಮಲೆಸೀಮೆಯಿಂದ ಬಂಡಿಯ ಮೇಲೆ ಬಂದ ಅತಿಥಿಗಳೇ ಹೊರತು ಈ ಊರುಗಳ ಮಕ್ಕಳಲ್ಲ.

ಹೀಗಿದ್ದರೂ ಈ ಪ್ರಾಂತದ ಕಲ್ಲು ಕಾವ್ಯಗಳಲ್ಲೆಲ್ಲ ಬಿಲ್ಲು ತುಂಬಿಕೊಂಡಿದೆ. 1997ರ ತನಕ ಈ ಬಯಲಿರುವ ಬಿಜಾಪುರ (ಇಂದಿನ ವಿಜಯಪುರ) ಜಿಲ್ಲೆಗೇ ಸೇರಿದ್ದ ಐಹೊಳೆಯ ಮೇಗುತಿ ಬಸದಿಯ ಶಾಸನದಲ್ಲಿ, 634ನೆಯ ಇಸವಿಯಷ್ಟು ಹಿಂದೆ, ರವಿಕೀರ್ತಿಯು ತನ್ನನ್ನು ಹೋಲಿಸಿಕೊಂಡದ್ದು ಕಾಳಿದಾಸ ಭಾರವಿಗಳೊಡನೆ. ಆ ಭಾರವಿಯ ಕೀರ್ತಿಗೆ ಆಧಾರವಾದುದೇ ಬೇಡನ ವೇಷದ ಶಿವನಿಗೂ ಅರ್ಜುನನಿಗೂ ನಡೆದ ಧನುರ್ಯುದ್ಧದ ಕಥೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಕಂಬವೊಂದರಲ್ಲಿ ಭೀಷ್ಮನು ಶರಶಯ್ಯೆಯಲ್ಲಿ ಒರಗಿದ್ದಾನೆ. ಕನ್ನಡ ನಾಡಿನ ವೀರಗಲ್ಲುಗಳ ಕೆಳಗಣ ಪಟ್ಟಿಕೆಯಲ್ಲಿ ತುರುಗಳನ್ನು ಮರಳಿಸಲು ಹೋರಿ ಮಡಿದ ಆಳಿನ ಕೈಯಲ್ಲಿ, ಕತ್ತಿ ಗುರಾಣಿಗಳಿಲ್ಲದಿರುವಲ್ಲಿ, ಬಿಲ್ಲನ್ನು ಕಾಣುವುದು ಸರ್ವಸಾಮಾನ್ಯ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸವಾದರೋ ಅರಸನ ವಿನೋದಗಳನ್ನು ಎಣಿಸುವಾಗ ಶಸ್ತ್ರವಿನೋದಕ್ಕೇ ಮೊದಲ ಮಣೆಯನ್ನು ಹಾಕಿದೆ. ಬಿಲ್ಲನ್ನು ಹಿಡಿದವರ ಚರಿತ್ರೆಯನ್ನು ನಮ್ಮ ಪಂಡಿತರು ಬೇಕಾದಷ್ಟು ಬರೆದಿದ್ದಾರೆ. ಆ ಬಿಲ್ಲಿನ ಮರವನ್ನು ಕಡಿದವನೂ ಸೀಳಿದವನೂ ಯಾರೆಂದು ಕೇಳಿದವರು ವಿರಳ. ಈ ನಾಲ್ಕು ತಾಲ್ಲೂಕುಗಳ ಮಟ್ಟಿಗಂತೂ ಬಿಲ್ಲಿನ ಚರಿತ್ರೆಯೆಂದರೆ ಮರದ ಅಭಾವದ ಚರಿತ್ರೆ, ಮತ್ತು ಇದ್ದ ಅಲ್ಪ ಮರವನ್ನು ಕೆಡಿಸದೆ ಬಳಸಬಲ್ಲವರ ಚರಿತ್ರೆ ಎಂಬುದು ನನ್ನ ತಿಳಿವಳಿಕೆ.

ಶಾಸ್ತ್ರಕಾರರು ಈ ವಿಷಯದಲ್ಲಿ ಏನು ಹೇಳಿದರೆಂಬುದನ್ನು ಮೊದಲು ನೋಡಬಹುದು. ಕೌಟಿಲ್ಯನ ಅರ್ಥಶಾಸ್ತ್ರದ ಆಯುಧಾಗಾರದ ಪ್ರಕರಣದಲ್ಲಿ ಬಿಲ್ಲಿನ ದ್ರವ್ಯಗಳು ನಾಲ್ಕು: ತಾಳೆ, ಬಿದಿರು, ಕಟ್ಟಿಗೆ, ಕೊಂಬು. ಹೆದೆಗೆ ಮೂರ್ವೆ, ಎಕ್ಕ, ಸೆಣಬು, ಬಿದಿರಿನ ನಾರು, ಪ್ರಾಣಿಗಳ ಸ್ನಾಯು ಮೊದಲಾದುವನ್ನು ಆತ ಹೆಸರಿಸುತ್ತಾನೆ. ಅಡವಿಯ ಉತ್ಪನ್ನಗಳನ್ನು ನೋಡಿಕೊಳ್ಳುವ ಅಧಿಕಾರಿಯ ಪಟ್ಟಿಯಲ್ಲಿ ತೇಗ, ಮತ್ತಿ, ಖದಿರ, ಶಿರೀಷಗಳೊಡನೆ ಧನ್ವನವನ್ನೂ ಎಣಿಸುತ್ತಾನೆ. ಈ ಧನ್ವನವೇ ಮಲೆನಾಡಿನವರು ತಡಸಲು ಎನ್ನುವ ಮರ. ಬಳುಕಿದರೂ ಮುರಿಯದ ಅದರ ಗುಣವನ್ನು ಅರಿತೇ ಜನರು ಅದನ್ನು ಹೆಗಲಿನ ಅಡ್ಡೆಗೂ ಕೊಡಲಿಯ ಕಾವಿಗೂ ಬಳಸಿಕೊಂಡು ಬಂದರು. 14ನೆಯ ಶತಮಾನದ ಶಾರ್ಙ್ಗಧರನ ಸಂಗ್ರಹದಲ್ಲಿ ಸೇರಿರುವ ಧನುರ್ವೇದವು ಇನ್ನೂ ಸೂಕ್ಷ್ಮಕ್ಕೆ ಹೋಗುತ್ತದೆ. ಮೂರು, ಐದು, ಏಳು, ಒಂಬತ್ತು ಗಿಣ್ಣುಗಳ ಬಿಲ್ಲು ಶುಭವಂತೆ, ನಾಲ್ಕು, ಆರು, ಎಂಟು ಗಿಣ್ಣುಗಳದು ವರ್ಜ್ಯವಂತೆ. ಇದರಲ್ಲಿ ಶಕುನದ ಅಂಶವೆಷ್ಟು, ಅನುಭವದ ಅಂಶವೆಷ್ಟು ಎಂದು ವಿದ್ವಾಂಸರು ಜಗಳವಾಡಬಹುದು. ಬೆಸಸಂಖ್ಯೆಯ ಗಿಣ್ಣುಗಳಿದ್ದರೆ ನಡುವಣ ಗಿಣ್ಣು ಹಿಡಿಕೆಯ ತಾಣಕ್ಕೆ ಬಂದು ಎರಡು ತೋಳುಗಳೂ ಸಮನಾಗುವುವೆಂಬುದು ನನಗೆ ಸಾಕಾದ ಸಮಾಧಾನ. ಅತಿ ಹಳತಾದುದು ಬೇಡ, ಬಲಿಯದುದು ಬೇಡ, ಸುಟ್ಟುದು ಬೇಡ, ತೂತುಬಿದ್ದುದು ಬೇಡ ಎನ್ನುತ್ತ ಆ ಗ್ರಂಥವು ತನ್ನ ದಾಯಾದಿಗಳೊಡನೆ ಉಜ್ಜಾಡಿದ ಬಿದಿರೂ ಬೇಡವೆನ್ನುತ್ತದೆ. ಬಿದಿರುಮೆಳೆಯ ಗಾಳಿಯಲ್ಲಿ ಒಂದು ಗಳ ಇನ್ನೊಂದಕ್ಕೆ ತಿಕ್ಕಿ ಮೈಯ ಹೊಳಪುದೊಗಲು ಸವೆದುಹೋದರೆ, ಬಿದಿರಿನ ಶಕ್ತಿಯೆಲ್ಲ ಅಡಗಿರುವ ಹೊರಪದರವೇ ಹೋದಂತಾಯಿತಲ್ಲವೆ? ಇಂಥ ಮಾತನ್ನು ಮೆಳೆಯೊಳಗೆ ಹೊಕ್ಕು ಗಳವನ್ನು ಕಡಿದವನ ಬಾಯಿಂದಲ್ಲದೆ ಗ್ರಂಥಕರ್ತನು ಪಡೆದಿರಲಾರನು.

ಮರದ ಬಿಲ್ಲು ಕೇಳುವುದು ಬೇರೊಂದು ಬಗೆಯ ನಿಷ್ಠೆಯನ್ನು. ಹೆದೆಯನ್ನು ಸೆಳೆದಾಗ ಬಿಲ್ಲಿನ ಬೆನ್ನು, ಎಂದರೆ ಗುರಿಯ ಕಡೆಗಿರುವ ಮೈ, ಹಿಗ್ಗಬೇಕಾಗುವುದು. ಬಿಲ್ಲಾಳಿನ ಕಡೆಗಿರುವ ಹೊಟ್ಟೆ ಕುಗ್ಗಬೇಕಾಗುವುದು. ಹಿಗ್ಗುವ ಬೆನ್ನಿನಲ್ಲಿ ಒಂದೇ ಒಂದು ನಾರು ನಡುವೆ ಕಡಿದುಹೋಗಿದ್ದರೂ ಆ ತಾಣದಲ್ಲಿ ಸಿಬಿರೆದ್ದು, ಸಿಬಿರು ಬಿರುಕಾಗಿ, ಬಿರುಕು ಮುರಿತವಾಗುವುದಕ್ಕೆ ಬಹಳ ಹೊತ್ತು ಬೇಕಿಲ್ಲ. ಆದುದರಿಂದಲೇ ಬಿಲ್ಲಿನ ಮರವನ್ನು ಗರಗಸದಿಂದ ಕೊಯ್ಯುವುದಕ್ಕಿಂತ ಬೆಣೆಯಿಟ್ಟು ಸೀಳುವುದನ್ನು ಲೋಕದ ಎಲ್ಲ ಬಿಲ್ಲುಗಾರರೂ ಮೇಲೆಂದು ಬಗೆದರು. ಗರಗಸವು ಮನುಷ್ಯನು ಎಳೆದ ಗೆರೆಯಲ್ಲಿ ಹೋಗುವುದು, ನಾರು ಅಡ್ಡ ಬಂದರೆ ಅದನ್ನು ಕತ್ತರಿಸಿ ಮುಂದುವರಿಯುವುದು. ಸೀಳಾದರೋ ಮರವೇ ಬೆಳೆದ ದಾರಿಯಲ್ಲಿ ಸಾಗುವುದು. ಸೀಳಿದ ಹೋಳಿನಲ್ಲಿ ಬುಡದಿಂದ ತುದಿಯವರೆಗೆ ಓಡಿದ ನಾರು ಇಡಿಯಾಗಿ ಉಳಿಯುವುದು. ಬೆನ್ನಿನ ಮೇಲೆ ಒಂದೇ ವರ್ಷದ ಬೆಳವಣಿಗೆಯ ವಲಯವು ಎಲ್ಲಿಯೂ ತುಂಡಾಗದಂತೆ ತೋಳಿನುದ್ದಕ್ಕೂ ಹರಿದಿರಬೇಕು. ಗಂಟು ಬಂದಲ್ಲಿ ಅದರ ಸುತ್ತ ಮರವನ್ನು ಸ್ವಲ್ಪ ದಪ್ಪವಾಗಿ ಬಿಡಬೇಕು. ಸೀಳಿದ ಹೋಳು ನೆರಳಿನಲ್ಲಿ ಮೆಲ್ಲಮೆಲ್ಲನೆ ಆರಬೇಕು. ಇಷ್ಟು ಶಿಸ್ತಿಗೆ ಒಳಪಡುವ ನೆಟ್ಟನೆಯ, ಕೊಂಬೆಯಿಲ್ಲದ, ಆಳುದ್ದಕ್ಕಿಂತ ಮೇಲ್ಪಟ್ಟ ದಿಂಡು ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ಸಿಕ್ಕಬೇಕು?

ಸಿಕ್ಕುತ್ತಿದ್ದುದು ಜಾಲಿ. ಜಾಲಿಯನ್ನು ನಾನು ಹೀಗಳೆಯುವವನಲ್ಲ. ಈ ಬಯಲಿನ ಬದುಕೆಲ್ಲ ಅದರ ಮೇಲೆಯೇ ನಿಂತಿದ್ದಿತು. ಅದರ ತೊಗಟೆಯಿಂದ ಚರ್ಮ ಹದವಾಗುತ್ತಿದ್ದಿತು, ಕಾಯಿ ಆಡುಗಳಿಗೆ ಮೇವಾಗುತ್ತಿದ್ದಿತು, ಮುಳ್ಳು ಹೊಲಕ್ಕೆ ಬೇಲಿಯಾಗುತ್ತಿದ್ದಿತು, ಕಡೆಗೆ ಬೊಡ್ಡೆಯು ರಂಟೆ, ಕುಂಟೆ, ಕೂರಿಗೆ, ಬಂಡಿಯ ಗಾಲಿಗಳಾಗುತ್ತಿದ್ದಿತು. ಆದರೆ ಅದು ಕುಳ್ಳು ಮರ, ಎದೆಯೆತ್ತರದಲ್ಲಿಯೇ ಕವಲೊಡೆಯುವ ಮರ. ಅದರ ಕೆಚ್ಚು ಭಾರಕ್ಕೆ ಬಾಗುವುದಕ್ಕಿಂತ ಭಾರವನ್ನು ಹೊರುವುದರಲ್ಲಿ ಗಟ್ಟಿ. ಯುದ್ಧದ ಬಿಲ್ಲಿಗೆ ಅದು ಒದಗದಿದ್ದರೂ ಮರವನ್ನು ಓದುವ ವಿದ್ಯೆಯನ್ನು ಈ ನಾಡಿನ ಬಡಿಗನಿಗೆ ಕಲಿಸಿದುದು ಅದೇ. ಸುಲಭವಾಗಿ ಸೀಳುವ ಮರ ಸಿಕ್ಕವನಿಗೆ ಸೀಳುವ ವಿದ್ಯೆ ಪೂರ್ತಿಯಾಗಿ ಬರುವುದಿಲ್ಲವೆಂಬುದು ಈ ಕೆಲಸವನ್ನು ಹತ್ತಿರದಿಂದ ಕಂಡವರೆಲ್ಲರ ಅನುಭವ.

ಆ ಕೆಲಸ ನಡೆಯುತ್ತಿದ್ದುದು ಹೀಗೆ. ಮಾಗಿ ಕಳೆದು ಹೊಲದ ಕೆಲಸ ಹಗುರಾದ ದಿನಗಳಲ್ಲಿ, ಅದರಲ್ಲಿಯೂ ಅಮಾವಾಸ್ಯೆಯ ಹಿಂದುಮುಂದಿನಲ್ಲಿ, ಮರವನ್ನು ಉರುಳಿಸುವುದು ವಾಡಿಕೆ. ಬೆಳುದಿಂಗಳಲ್ಲಿ ಕಡಿದ ಕಟ್ಟಿಗೆಗೆ ಹುಳ ಬೀಳುವುದೆಂಬ ನಂಬಿಕೆ ನಾಡಿನ ಉದ್ದಗಲಕ್ಕೂ ಇದೆ. ಕಡಿಯುವ ಮೊದಲು ಬಡಿಗನು ಮರದ ಸುತ್ತ ಸುಮ್ಮನೆ ಒಂದು ಸುತ್ತು ಬರುವನು. ನೋಡುವವರಿಗೆ ಅದು ಪ್ರದಕ್ಷಿಣೆಯಂತೆ ಕಂಡರೂ ಅವನ ಕಣ್ಣು ತೊಗಟೆಯ ಸೀಳುಗೆರೆಗಳ ಮೇಲಿರುವುದು. ಆ ಗೆರೆಗಳು ಬುಡದಿಂದ ನೆಟ್ಟಗೆ ಏರಿದ್ದರೆ ಒಳಗಣ ನಾರೂ ನೆಟ್ಟಗಿದೆ. ಗೆರೆಗಳು ಹಗ್ಗದ ಹುರಿಯಂತೆ ಸುತ್ತಿಕೊಂಡು ಮೇಲೇರಿದ್ದರೆ ಒಳಗಣ ನಾರೂ ತಿರುಚಿಕೊಂಡಿದೆ. ಉರುಳಿಸಿದ ದಿಂಡನ್ನು ಒಡನೆಯೇ ಬಿಸಿಲಿಗೆ ಬಿಡದೆ, ಸಾಧ್ಯವಿದ್ದಲ್ಲಿ ಹಳ್ಳದ ಮಡುವಿನಲ್ಲೋ ಬಾವಿಯಲ್ಲೋ ತಿಂಗಳುಗಟ್ಟಲೆ ಮುಳುಗಿಸಿಡುವರು. ಒಳಗಣ ರಸವು ನೀರಿಗಿಳಿದು ಹೋದ ಮೇಲೆ ಜಾಲಿಗೆ ಹುಳದ ಕಾಟ ಕಡಮೆ, ಬಿರಿಯುವ ಭಯವೂ ಕಡಮೆ.

ಸೀಳುವಾಗ ಮೊದಲು ನೋಡುವುದು ದಿಂಡಿನ ಕೊಯ್ದ ಮುಖವನ್ನು. ತಿರುಳಿನಿಂದ ಹೊರಟ ಕೂದಲೆಳೆಯಂಥ ಬಿರುಕೊಂದು ಅಲ್ಲಿ ತಾನಾಗಿಯೇ ಮೂಡಿರುವುದು. ಕಬ್ಬಿಣದ ಮೊದಲ ಬೆಣೆಯನ್ನು ಅದರ ಮೇಲೆಯೇ ಇಡಬೇಕು. ಒಂದೆರಡು ಪೆಟ್ಟಿಗೆ ಬೆಣೆ ಕಚ್ಚಿಕೊಂಡು ಟಣ್ಣೆನ್ನುವ ಸದ್ದು ಮಂದವಾದೊಡನೆ ಮರ ಬಾಯಿಬಿಡತೊಡಗಿದೆಯೆಂದು ತಿಳಿಯಬೇಕು. ಬಿರುಕು ಮೈಮೇಲೆ ಓಡಿದಂತೆಲ್ಲ ಅದರ ಹಿಂದೆಯೇ ಒಣಜಾಲಿಯ ಮರಬೆಣೆಗಳನ್ನು ಒಂದರ ಮುಂದೊಂದು ಹೊಗಿಸುತ್ತ, ಸಡಿಲಾದ ಹಿಂದಿನ ಬೆಣೆಯನ್ನು ಕಿತ್ತು ಮುಂದಕ್ಕೊಯ್ಯುತ್ತ ಹೋಗುವರು. ಎರಡು ಹೋಳುಗಳ ನಡುವೆ ಸೇತುವೆಯಂತೆ ಅಡ್ಡ ನಿಂತ ನಾರುಗಳನ್ನು ಕೊಡಲಿಯ ಮೂಲೆಯಿಂದ ಕಡಿಯಬೇಕಲ್ಲದೆ ಬೆಣೆಯ ಬಲದಿಂದ ಹರಿಯಬಾರದು. ಇಡೀ ದಿಂಡನ್ನು ಮೊದಲು ಅರ್ಧಕ್ಕೆ, ಅರ್ಧವನ್ನು ಮತ್ತೆ ಅರ್ಧಕ್ಕೆ, ಹೀಗೆ ಎರಡು ಪಕ್ಕದ ತೂಕವೂ ಸಮನಾಗುವಂತೆಯೇ ಒಡೆಯುತ್ತ ಹೋಗಬೇಕು. ಒಂದು ಪಕ್ಕ ತೆಳುವಾಯಿತೆಂದರೆ ಬಿರುಕು ಆ ಕಡೆಗೆ ವಾಲಿ ಹೊರಗೆ ಓಡಿಹೋಗುವುದು. ಆಗ ದಪ್ಪನೆಯ ಪಕ್ಕವನ್ನು ಕೆಳಗೆ ಮಾಡಿ, ಅದನ್ನೇ ಅದುಮಿ ಬಾಗಿಸಿದರೆ ಬಿರುಕು ಮತ್ತೆ ನಡುವಿಗೆ ಮರಳುವುದು. ಈ ಕೊನೆಯ ರಹಸ್ಯವನ್ನು ಯಾವ ಧನುರ್ವೇದದಲ್ಲಿಯೂ ನಾನು ಕಂಡಿಲ್ಲ. ಹಳ್ಳಿಯ ಬಡಿಗರ ಅಂಗಳದಲ್ಲಿ ಅದು ಹುಡುಗರಿಗೂ ಗೊತ್ತಿದ್ದ ಮಾತು.

ಎಷ್ಟು ಎಚ್ಚರವಹಿಸಿದರೂ ಮರ ಕೆಲವು ಸಲ ಮೋಸಮಾಡುವುದು. ಆಗ ಬಡಿಗನಿಗೂ ಮರದ ಒಡೆಯನಿಗೂ ನಡೆಯುವ ಮಾತು ಈ ಸೀಮೆಯಲ್ಲಿ ಹೆಚ್ಚುಕಡಮೆ ಒಂದೇ ತೆರ.

“ಗೌಡ್ರ, ಈ ದಿಂಡು ಗಾಲಿಗಿ ಬರೂದಿಲ್ರಿ. ಒಳಗ ತಿರುವ್ಯಾದ.”

“ಹಂಗಾದ್ರ ಕೆಡಸೂದು ಬ್ಯಾಡ ಬಡಿಗೇರ, ಕುಂಟಿಗಿ ಏನರ ಆಗ್ತದೇನು ನೋಡ್ರಿ.”

ಕೆಡಿಸುವುದು ಬೇಡವೆಂಬ ಈ ಮಾತಿನಲ್ಲಿ ಕಟ್ಟಿಗೆಯ ಬರಗಾಲದ ನಾಡಿನ ಇಡೀ ಅರ್ಥಶಾಸ್ತ್ರವಿದೆ. ಆಯಗಾರರ ವ್ಯವಸ್ಥೆಯಲ್ಲಿ ಬಡಿಗನಿಗೆ ಸಲ್ಲುತ್ತಿದ್ದುದು ಸುಗ್ಗಿಯ ಕಣದಲ್ಲಿ ಅಳೆದ ಕಾಳು. ಮರ ರೈತನದು, ಕೈಗೆಲಸ ಬಡಿಗನದು. ಆದುದರಿಂದ ದಿಂಡು ಕೆಟ್ಟರೆ ನಷ್ಟ ಒಬ್ಬನದು, ಅಪಕೀರ್ತಿ ಇನ್ನೊಬ್ಬನದು. ಗಾಲಿಯ ಅರಕ್ಕೆ ನೆಟ್ಟನೆಯ ಸೀಳೇ ಬೇಕು, ಏಕೆಂದರೆ ಬಂಡಿಯ ಭಾರವು ನಾರಿನುದ್ದಕ್ಕೆ ಇಳಿಯಬೇಕು. ತಿರುಚಿದ ನಾರಿನ ಅರವು ಮೊದಲ ಹಳ್ಳದ ಇಳಿಜಾರಿನಲ್ಲಿಯೇ ಒಡೆಯುವುದು. ಬಿಲ್ಲುಗಾರನು ಮರದಲ್ಲಿ ಹುಡುಕುವ ಗುಣವನ್ನೇ ಗಾಲಿಯ ಬಡಿಗನೂ ಹುಡುಕುವನು, ಬಾಗುವುದೊಂದನ್ನು ಬಿಟ್ಟು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಸುತ್ತ 12ನೆಯ ಶತಮಾನದ ಕಲ್ಯಾಣದಲ್ಲಿ ನೆರೆದ ಶರಣರಲ್ಲಿ ಸೌದೆಯ ಹೊರೆಯನ್ನು ಮಾರಿ ಬದುಕಿದ ಮೋಳಿಗೆಯ ಮಾರಯ್ಯನಿದ್ದಾನೆ. ಬಾಚಿಯನ್ನೇ ಹೆಸರಿನಲ್ಲಿ ಧರಿಸಿದ ಬಾಚಿಕಾಯಕದ ಬಸವಯ್ಯನೂ, ಅವನ ಪುಣ್ಯಸ್ತ್ರೀಯಾಗಿ ತಾನೂ ವಚನಕಾರ್ತಿಯೆನಿಸಿದ ಕಾಳವ್ವೆಯೂ ಇದ್ದಾರೆ. ಅರಸರ ವಿನೋದಗಳನ್ನು ಪಟ್ಟಿಮಾಡಿದ ಗ್ರಂಥ ಹುಟ್ಟಿದ ಆ ಪಟ್ಟಣದಲ್ಲಿಯೇ ಕೆಲವೇ ದಶಕಗಳ ಅನಂತರ ಬಾಚಿ ಹಿಡಿದವನ ಹೆಸರೂ ಬರಹಕ್ಕೆ ಬಂದಿತೆಂಬುದು ಕನ್ನಡ ಸಾಹಿತ್ಯದ ಭಾಗ್ಯಗಳಲ್ಲೊಂದು.

ಹಾಗಾದರೆ ಯುದ್ಧದ ಬಿಲ್ಲು ಯಾವುದರಿಂದಾಯಿತು? ಕೌಟಿಲ್ಯನ ಪಟ್ಟಿಯ ಕೊನೆಯ ದ್ರವ್ಯವಾದ ಕೊಂಬು ಇಲ್ಲಿ ಉತ್ತರವನ್ನು ಕೊಡುತ್ತದೆ. ಮಧ್ಯ ಏಷ್ಯದ ತುರುಕರೂ ಇರಾನಿಯರೂ ಬಳಸಿ ದಖ್ಖನ್ನಿನ ಸುಲ್ತಾನರ ಸೈನ್ಯಗಳಿಗೆ ತಂದ ಬಿಲ್ಲಿನಲ್ಲಿ ಮರದ ಪಾಲು ಅತ್ಯಲ್ಪ. ಹಿಡಿಕೆಗೊಂದು, ತೋಳುಗಳಿಗೆರಡು, ತುದಿಗಳಿಗೆರಡು, ಹೀಗೆ ಮೊಳಕ್ಕೂ ಚಿಕ್ಕದಾದ ಮರದ ತುಂಡುಗಳನ್ನು ಒಂದರ ಬಾಯೊಳಗೊಂದನ್ನು ಕೂಡಿಸಿ ಅಂಟಿಸಿದರೆ ಬಿಲ್ಲಿನ ಎಲುಬುಗೂಡು ಸಿದ್ಧವಾಯಿತು. ಹೊಟ್ಟೆಯ ಕಡೆಗೆ, ಕುಗ್ಗಬೇಕಾದಲ್ಲಿ, ಎಮ್ಮೆಯ ಕೊಂಬಿನ ಸೀಳುಗಳು. ಬೆನ್ನಿನ ಕಡೆಗೆ, ಹಿಗ್ಗಬೇಕಾದಲ್ಲಿ, ಅಂಟಿನಲ್ಲಿ ನೆನೆಸಿ ಪದರಪದರವಾಗಿ ಹಾಸಿದ ಸ್ನಾಯುವಿನ ನಾರು. ಇವೆಲ್ಲ ಕೂಡಿ ಒಣಗುವುದಕ್ಕೇ ತಿಂಗಳುಗಳು ಹಿಡಿಯುವುವು. ಹೆದೆ ಬಿಚ್ಚಿದೊಡನೆ ಬಿಲ್ಲು ಹಿಮ್ಮುಖವಾಗಿ ಸುರುಳಿಕೊಳ್ಳುವುದು. ತೇವವೇ ಇದರ ಶತ್ರು. ಮಳೆ ಕಡಮೆಯಾದ, ಮರ ಕಡಮೆಯಾದ, ದನಕರುಗಳು ಹೇರಳವಾದ ಒಣ ಬಯಲಿಗೆ ಇದಕ್ಕಿಂತ ಒಪ್ಪುವ ಬಿಲ್ಲನ್ನು ಊಹಿಸುವುದು ಕಷ್ಟ. ಮಲೆಸೀಮೆಯ ಬಿಲ್ಲು ಮೆಳೆಯಲ್ಲಿ ಬೆಳೆದರೆ ಬಯಲಿನ ಬಿಲ್ಲು ಕೊಟ್ಟಿಗೆಯಲ್ಲಿ ಬೆಳೆಯಿತು ಎಂದರೆ ಅತಿಶಯೋಕ್ತಿಯಾಗದು.

ದಕ್ಷಿಣದ ಪಕ್ಷದಲ್ಲಿಯೂ ಬಿಲ್ಲಿನ ವೈಭವಕ್ಕೆ ಕೊರತೆಯಿರಲಿಲ್ಲ. 1520ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಜ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ಸೈನ್ಯದ ಪ್ರದರ್ಶನವನ್ನು ನೋಡಿ, ಚಿನ್ನದ ತಗಡು ಹೊದಿಸಿದ ಬಿಲ್ಲುಗಳನ್ನೂ ಬರಿಯ ಹೊಳಪುಗೊಳಿಸಿದ ಬಿಲ್ಲುಗಳನ್ನೂ ಅಚ್ಚುಕಟ್ಟಾಗಿ ಗರಿಕಟ್ಟಿದ ಬಾಣಗಳನ್ನೂ ಬೆರಗಿನಿಂದ ಬಣ್ಣಿಸಿದ್ದಾನೆ. ಅದಾದ 45 ವರ್ಷಕ್ಕೆ, 1565ರ ಜನವರಿಯಲ್ಲಿ, ಮುದ್ದೇಬಿಹಾಳದ ಸೀಮೆಯೇ ರಣರಂಗವಾಯಿತು. ಪಾಠಪುಸ್ತಕಗಳು ತಾಳಿಕೋಟೆಯ ಕದನವೆಂದರೂ ಕೃಷ್ಣೆಯ ದಂಡೆಯ ರಕ್ಕಸಗಿ ತಂಗಡಗಿಗಳ ಹೆಸರನ್ನೇ ನಾಡಿನವರು ಅದಕ್ಕೆ ಕೊಟ್ಟರು. ಅಂದು ವಿಜಯನಗರದ ರಾಮರಾಯನ ಸೇನೆಯ ವ್ಯೂಹವನ್ನು ಒಡೆದುದರಲ್ಲಿ ನಿಜಾಮಶಾಹಿಯ ತೋಪುಗಳ ಪಾತ್ರ ದೊಡ್ಡದು. 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ ಮಲಿಕ್-ಎ-ಮೈದಾನ್ ತೋಪೂ ಈ ಯುದ್ಧದಲ್ಲಿತ್ತೆಂದು ಪ್ರತೀತಿಯುಂಟು. ವಿಜಯಪುರದ ಕೋಟೆಯ ಬುರುಜಿನ ಮೇಲೆ ಇಂದಿಗೂ ಕುಳಿತಿರುವ ಆ ಕಂಚಿನ ದೈತ್ಯದ ಪಕ್ಕದಲ್ಲಿ ನಿಂತರೆ, ಕೊಂಬು ಸ್ನಾಯುಗಳಿಂದ ವರ್ಷವಿಡೀ ಕಟ್ಟಿದ ಬಿಲ್ಲಿಗೆ ಕಾಲ ಮುಗಿಯುತ್ತ ಬಂದುದೇಕೆಂದು ವಿವರಿಸುವ ಅಗತ್ಯವಿರುವುದಿಲ್ಲ. ಬಿಲ್ಲಿಗೆ ಹೆಸರಾದ ಬೇಡರೂ ಬಲುಬೇಗನೆ ಕೋವಿಯನ್ನು ಕೈಗೆತ್ತಿಕೊಂಡರು. ಮುದ್ದೇಬಿಹಾಳ ಸಿಂದಗಿಗಳ ಪೂರ್ವದ ಎಲ್ಲೆಗೆ ತಾಗಿದ ಸುರಪುರದ ಸೀಮೆಯ ವಾಗಿನಗೇರಿಯನ್ನು 1705ರಲ್ಲಿ ಮುದುಕನಾದ ಔರಂಗಜೇಬನೇ ಸ್ವತಃ ಮುತ್ತಿಗೆಹಾಕಿ ಕುಳಿತಾಗ, ಮೊಗಲರನ್ನು ವಾರಗಟ್ಟಲೆ ತಡೆದುದು ಪಿಡ್ಡನಾಯಕನ ಬೇಡರ ಬಂದೂಕಿನ ಗುರಿ.

ಹೀಗೆ ಯುದ್ಧದಿಂದ ಹಿಂದೆ ಸರಿದ ಬಿಲ್ಲು ಬೇಟೆಯಲ್ಲಿಯೂ ಹೊಲ ಕಾಯುವುದರಲ್ಲಿಯೂ ಉಳಿದಿದ್ದೀತು. ಅಲ್ಲಿಯೂ ಅದನ್ನು ಕಾಯಿದೆ ಹಿಂಬಾಲಿಸಿತು. 1857ರಲ್ಲಿ ನಿಶ್ಶಸ್ತ್ರೀಕರಣದ ಆಜ್ಞೆ ಹೊರಟಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲೊಲ್ಲದೆ ಎದ್ದುನಿಂತುದೂ, ನವಂಬರ ತಿಂಗಳ ಕೊನೆಯಲ್ಲಿ ಆಂಗ್ಲರ ದಂಡು ಊರಿಗೆ ಬೆಂಕಿಯಿಟ್ಟುದೂ, ಅನಂತರ 19 ಮಂದಿಯನ್ನು ಗಲ್ಲಿಗೇರಿಸಿದುದೂ ಲಾವಣಿಗಾರರ ಬಾಯಲ್ಲಿ ಉಳಿದ ಸಂಗತಿ. ಇಪ್ಪತ್ತು ವರ್ಷಗಳ ಮೇಲೆ, 1878ರಲ್ಲಿ, ಎರಡು ಕಾನೂನುಗಳು ಬೆನ್ನುಬೆನ್ನಿಗೆ ಬಂದುವು. ಆ ವರ್ಷದ ಏಳನೆಯ ಕಾಯಿದೆಯಿಂದ ಅಡವಿಗಳು ಸರಕಾರದ ರಕ್ಷಣೆಗೆ ಒಳಪಟ್ಟು, ಮರ ಕಡಿಯಲು ಅಪ್ಪಣೆ ಬೇಕಾಯಿತು. ಹನ್ನೊಂದನೆಯ ಕಾಯಿದೆಯು ಆಯುಧವೆಂದರೇನೆಂಬುದನ್ನು ವಿವರಿಸುವಾಗ ಬಂದೂಕು, ಕತ್ತಿ, ಕಠಾರಿ, ಭರ್ಜಿಗಳ ಜೊತೆಗೆ ಬಿಲ್ಲುಬಾಣಗಳನ್ನೂ ಸೇರಿಸಿತು. ವಿನಾಯಿತಿಗಳಿದ್ದುವು, ಎಲ್ಲೆಡೆಯೂ ಒಂದೇ ಕಟ್ಟುನಿಟ್ಟು ಇರಲಿಲ್ಲವೆಂಬುದು ನಿಜವೇ. ಆದರೂ ಬಿಲ್ಲಿನ ಕಟ್ಟಿಗೆಯನ್ನು ಒಂದು ಕಾಯಿದೆಯೂ, ಆ ಕಟ್ಟಿಗೆಯಿಂದಾದ ಬಿಲ್ಲನ್ನು ಇನ್ನೊಂದೂ ಹಿಡಿದ ಆ ವರ್ಷವನ್ನು ನಮ್ಮ ಆಯುಧಗಳ ಇತಿಹಾಸವನ್ನು ಬರೆಯುವವರು ಗುರುತಿಸದಿರುವುದು ಸೋಜಿಗ.

ಆದರೆ ಒಂದು ಬಿಲ್ಲನ್ನು ಯಾವ ಸರಕಾರವೂ ಮುಟ್ಟಲಿಲ್ಲ. ಅದು ಪಿಂಜಾರರ ಬಿಲ್ಲು. ಕರಿನೆಲ ಜೋಳಕ್ಕೆಂತೋ ಹತ್ತಿಗೂ ಅಂತೆಯೇ ತವರು. ಬೀಜ ತೆಗೆದ ಅರಳೆಯನ್ನು ಎಕ್ಕಿ ಹಗುರಮಾಡದೆ ನೂಲುವಂತಿಲ್ಲ, ಗಾದಿಗೆ ತುಂಬುವಂತಿಲ್ಲ. ಪಿಂಜಾರರೆಂದೂ ನದಾಫರೆಂದೂ ಕರೆಸಿಕೊಳ್ಳುವ, ಮನೆಯಲ್ಲಿ ಕನ್ನಡವನ್ನೇ ಆಡುವ ಮುಸಲ್ಮಾನ ಕುಟುಂಬಗಳು ತಲೆತಲಾಂತರದಿಂದ ಈ ಕಾಯಕವನ್ನು ನಡೆಸಿಕೊಂಡು ಬಂದುವು. ಅವರ ಕಮಾನು ಆಳುದ್ದದ ಮರದ ದಂಡ. ಒಂದು ತುದಿಯಲ್ಲಿ ಅಗಲವಾದ ಹಲಗೆ, ಇನ್ನೊಂದು ತುದಿಯಲ್ಲಿ ಬಾಗಿದ ಕೊಕ್ಕೆ, ನಡುವೆ ಬಿಗಿದ ನರದ ತಂತಿ. ಅದನ್ನು ಕೈಯಲ್ಲಿ ಹೊತ್ತು ದಿನವಿಡೀ ದುಡಿಯುವುದು ಅಸಾಧ್ಯವಾದುದರಿಂದ ಮನೆಯ ಜಂತಿಗೆ ಬಿದಿರಿನ ಇನ್ನೊಂದು ಬಿಲ್ಲನ್ನು ಕಟ್ಟಿ ಅದರ ಹೆದೆಯಿಂದ ಇದನ್ನು ತೂಗಬಿಡುವರು. ಮೇಲಣ ಬಿಲ್ಲು ಬಳುಕಿದಂತೆ ಕೆಳಗಣ ಕಮಾನು ಏರಿ ಇಳಿಯುವುದು. ತಂತಿಯನ್ನು ಅರಳೆಯ ರಾಶಿಯೊಳಗೆ ಹುದುಗಿಸಿ, ಎರಡು ತಲೆಯ ಮರದ ಗುಂಡಿನಿಂದ ಮೀಟಿದರೆ ಟೊಂಯ್ ಎಂಬ ನಾದದೊಡನೆ ಎಳೆಗಳು ಹಾರಿ ಬೀಳುವುವು, ಕಸವೂ ಧೂಳೂ ಕೆಳಗುಳಿಯುವುವು. ಯುದ್ಧದ ಬಿಲ್ಲಿಗೂ ಇದಕ್ಕೂ ಇರುವ ಭೇದವು ಕುತೂಹಲಕರ. ಅಲ್ಲಿ ಶಕ್ತಿ ಕೂಡಿಕೊಳ್ಳುವುದು ಬಾಗುವ ಮರದಲ್ಲಿ, ಹೆದೆ ಬರಿಯ ಸಾಧನ. ಇಲ್ಲಿ ಕೆಲಸವೆಲ್ಲ ಕಂಪಿಸುವ ತಂತಿಯದು, ಮರ ಬಾಗದೆ ನಿಲ್ಲುವುದೇ ಅದರ ಧರ್ಮ. ಬಾಗಬಾರದ ಬಿಲ್ಲನ್ನು ಬಯಸಿದ ಈ ಕಸುಬು, ಬಾಗುವ ಮರವಿಲ್ಲದ ಈ ನಾಡಿನಲ್ಲಿ ಬೇರೂರಿದುದು ಯೋಗ್ಯವೇ ಆಯಿತು. ನಾರು ನೆಟ್ಟಗೆ ಓಡಿದ ಸೀಳಿನ ದಂಡ ಮಾತ್ರ ಇದಕ್ಕೂ ಬೇಕೇ ಬೇಕು. ತಿರುಚಿದ ದಂಡಕ್ಕೆ ತಂತಿ ಬಿಗಿದರೆ ಬೇಸಗೆ ಮಳೆಗಾಲಗಳ ಏರಿಳಿತದಲ್ಲಿ ಅದು ಹೊರಳಿಕೊಂಡು ತಂತಿ ಅರಳೆಯ ಮೇಲೆ ಸರಿಯಾಗಿ ಕೂಡದು.

ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, 1861ರಿಂದ 1865ರವರೆಗೆ, ಹತ್ತಿಯ ಬೆಲೆ ಮುಗಿಲು ಮುಟ್ಟಿದುದೂ, 1884ರಲ್ಲಿ ಹೋಟಗಿ ಗದಗಗಳ ನಡುವಣ ರೈಲುದಾರಿ ವಿಜಯಪುರವನ್ನು ಹಾಯ್ದು ತೆರೆದುದೂ ಈ ಕಸುಬಿನ ಬುಡವನ್ನು ಅಲುಗಿಸಿದುವು. ಅರಳೆಯ ಅಂಡಿಗೆ ಊರೊಳಗೆ ಉಳಿಯದೆ ಮುಂಬಯಿಯ ದಾರಿಯನ್ನು ಹಿಡಿಯಿತು. ಮರಳಿ ಬಂದುದು ಗಿರಣಿಯ ನೂಲು. ಖಾದಿಯ ಚಳವಳಿ ಬಂದಾಗ ಎಕ್ಕುವ ಬಿಲ್ಲಿಗೆ ಕೆಲವು ಕಾಲ ಮರ್ಯಾದೆ ಮರಳಿತು, 1937ರ ವಾರ್ಧಾ ಶಿಕ್ಷಣ ಯೋಜನೆಯ ತರುವಾಯ ಶಾಲೆಯ ಮಕ್ಕಳ ಕೈಗೂ ಚಿಕ್ಕ ಬಿಲ್ಲು ಬಂದಿತು. ಅದು ಬಹುಕಾಲ ನಿಲ್ಲಲಿಲ್ಲ. ವಿದ್ಯುಚ್ಛಕ್ತಿಯ ಯಂತ್ರ ಬಂದ ಮೇಲೆ ಗಾದಿಯ ಅಂಗಡಿಗಳಲ್ಲಿ ನದಾಫರು ಇದ್ದಾರೆ, ಕಮಾನಿನ ನಾದವಿಲ್ಲ.

ಉಳಿದುದು ಬಡಿಗನ ಸ್ವಂತದ ಬಿಲ್ಲು. ಬೈರಿಗೆಯನ್ನು ತಿರುಗಿಸುವ ಮೊಳದುದ್ದದ ಆ ಕಮಾನನ್ನು ಬಿಲ್ಲೆಂದು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಬಡಿಗನೂ ಇಲ್ಲ. ಮಹಾನವಮಿಯ ದಿನ ಖಂಡೆಪೂಜೆಗೆ ಬಾಚಿ, ಉಳಿ, ಗರಗಸಗಳ ಸಾಲಿನಲ್ಲಿ ಅದೂ ಕುಂಕುಮವನ್ನು ಪಡೆಯುವುದು. ಮರುದಿನ ಊರವರು ಬನ್ನಿಯ ಎಲೆಯನ್ನು ಹಂಚಿಕೊಂಡು ಬಂಗಾರದ್ಹಂಗ ಇರೋಣ ಎನ್ನುವರು. ಪಾಂಡವರು ತಮ್ಮ ಬಿಲ್ಲುಗಳನ್ನು ಬಚ್ಚಿಟ್ಟರೆಂಬ ಕಥೆಯ ಆ ಮರಕ್ಕೆ ಪೂಜೆಯ ಗೌರವವಿರುವುದರಿಂದ ಕೊಡಲಿಯ ಪೆಟ್ಟು ಬಹುಮಟ್ಟಿಗೆ ತಪ್ಪಿದೆ, ಅದರ ಪಾಲಿನ ಪೆಟ್ಟನ್ನೂ ಜಾಲಿಯೇ ತಿಂದಿದೆ. ಬೈರಿಗೆಯ ಕಮಾನಿಗೆ ಮರವನ್ನು ಆರಿಸುವ ಗೋಜಿಲ್ಲ; ಯಾವುದೋ ಬುಟ್ಟಿಯವನಲ್ಲಿ ಉಳಿದ ಬಿದಿರಿನ ಸೀಳು, ಹಳೆಯ ಮಿಣಿಯ ಒಂದು ಎಳೆ ಇದ್ದರಾಯಿತು. ಎಳೆಯನ್ನು ಬೈರಿಗೆಯ ಕದಿರಿಗೆ ಒಂದು ಸುತ್ತು ಸುತ್ತಿ, ಎಡಗೈಯಿಂದ ಮೇಲಣ ಚಿಪ್ಪನ್ನು ಒತ್ತಿಹಿಡಿದು, ಬಲಗೈಯಿಂದ ಕಮಾನನ್ನು ಹಿಂದುಮುಂದಾಗಿ ಎಳೆಯುತ್ತಿದ್ದರೆ ಜಾಲಿಯ ಕೆಚ್ಚಿನಲ್ಲಿಯೂ ತೂತು ಬೀಳುವುದು; ಎಳೆ ಸಡಿಲಾಗಿ ಜಾರತೊಡಗಿದರೆ ಬಡಿಗನು ಕೆಲಸವನ್ನು ನಿಲ್ಲಿಸದೆ, ಕಮಾನನ್ನು ಹಿಡಿದ ಕೈಯ ಬೆರಳುಗಳಿಂದಲೇ ಅದನ್ನು ಒತ್ತಿ ಬಿಗಿಮಾಡಿಕೊಳ್ಳುವನು.